ಕಡ್ಡಿಯಿಲ್ಲದ ಹೂವು

ನಮ್ಮ ಬೀದಿಯಲ್ಲಿ ಅರವತ್ತು ದಾಟಿದವರು ಬಾಯಿ ತುಂಬ ನಕ್ಕರೆ ಆ ನಗುವಿನಲ್ಲಿ ಅರ್ಧ ಪಾಲು ಹಲ್ಲಣ್ಣನದು. ಕಟ್ಟುಹಲ್ಲು ಮಾಡುವುದು ಅವನ ಕಸುಬು. ಮೂವತ್ತೊಂದು ವರ್ಷ ಒಬ್ಬರೇ ಡಾಕ್ಟರಿಗೆ ಮಾಡಿಕೊಟ್ಟ. ಅವರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಗುಲಾಬಿ ಬಣ್ಣದ ಮೇಣದಲ್ಲಿ ಒಸಡು ಕಟ್ಟಿ, ಚಿಮುಟದಿಂದ ಒಂದೊಂದೇ ಹಲ್ಲು ಕೂರಿಸುತ್ತಿದ್ದ. ಸೆಟ್ಟು ಬಾಯಿಗೆ ಸರಿಯಾಗಿ ಕೂತರೆ ಜನ ಡಾಕ್ಟರಿಗೆ ಕೈಮುಗಿಯುತ್ತಿದ್ದರು. ಕೂರದಿದ್ದರೆ ಡಾಕ್ಟರು ಇವನಿಗೆ ಫೋನು ಮಾಡುತ್ತಿದ್ದರು.

"ನನ್ನ ಕೆಲಸ ಊರೋರ ಬಾಯಲ್ಲಿದೆ, ನನ್ನ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ ಕಣೋ ಕರಡಿ" ಅನ್ನುತ್ತಿದ್ದ. ಹೇಳುವಾಗ ನಗುತ್ತಿದ್ದ. ಹಲ್ಲಿನ ವಿಷಯದಲ್ಲಿ ಅವನಿಗೆ ಹೆಸರಿನ ಆಸೆ ಇರಲಿಲ್ಲ.

ಕರಡಿ ಎಂದರೆ ನಾನು. ಅಚ್ಚುಕೂಟದಲ್ಲಿ ಕರಡು ತಿದ್ದುವವನಿಗೆ ಅವನು ಇಟ್ಟ ಹೆಸರು. ಒಂದೇ ಮೆಟ್ಟಿಲು ಹತ್ತಿದರೆ ಎಡಗಡೆ ನಮ್ಮ ಮನೆ, ಬಲಗಡೆ ಅವನದು. ಇಪ್ಪತ್ತಾರು ವರ್ಷ ಎರಡೂ ಬಾಗಿಲು ಎದುರುಬದುರಾಗಿ ತೆರೆದೇ ಇದ್ದವು. ಅವನಿಗೆ ಮದುವೆಯಾಗಿರಲಿಲ್ಲ. ನನ್ನ ಹೆಂಡತಿ ಒಮ್ಮೆ ಯಾಕೆ ಎಂದು ಕೇಳಿದ್ದಕ್ಕೆ, "ದಿನವಿಡೀ ಬೇರೆಯೋರ ಬಾಯಿ ನೋಡ್ತೀನಿ ಅತ್ತಿಗೆ, ಮನೇಲೂ ಒಂದು ಬಾಯಿ ಯಾಕೆ?" ಎಂದಿದ್ದ. "ಇರೋ ಒಂದು ಬಾಯೇ ಇಡೀ ಮೆಟ್ಟಿಲಿಗೆ ಸಾಕು" ಎಂದು ಇವಳು ತಿರುಗಿಸಿ ಕೊಟ್ಟಿದ್ದಳು. ಐವತ್ತೆಂಟಕ್ಕೆ ಇವಳ ಹಲ್ಲೆಲ್ಲ ಹೋದಾಗ ಅವನೇ ಸೆಟ್ಟು ಮಾಡಿಕೊಟ್ಟ. ಮುಂದಿನ ಒಂದು ಹಲ್ಲನ್ನು ಬೇಕೆಂದೇ ಕೂದಲೆಳೆಯಷ್ಟು ಓರೆಯಾಗಿ ಕೂರಿಸಿದ್ದ, ಅವಳ ಸ್ವಂತ ಹಲ್ಲು ಇದ್ದ ಹಾಗೆಯೇ.

ಅವನ ಮನೆ ಎಂದರೆ ಒಂದು ಉದ್ದನೆಯ ಕೋಣೆ, ಒಂದು ಅಡುಗೆಮನೆ, ಮೂಡಣಕ್ಕೆ ಮುಖ ಮಾಡಿದ ಒಂದು ಬಾಲ್ಕನಿ. ಬಾಲ್ಕನಿಯ ಅಗಲ ಒಂದು ಕುರ್ಚಿ ಹಿಡಿಸುವಷ್ಟು. ಅಲ್ಲಿ ಕುರ್ಚಿ ಇರಲಿಲ್ಲ. ಕಟ್ಟುಹಲ್ಲಿನ ಒಸಡು ಮಾಡುವ ಪುಡಿ ತುಂಬಿ ಬರುತ್ತಿದ್ದ ಡಬ್ಬಿಗಳ ತಳಕ್ಕೆ ತೂತು ಕೊರೆದು, ಮೂರು ಅಂತಸ್ತಿನ ಹಲಗೆಗಳ ಮೇಲೆ ಜೋಡಿಸಿದ್ದ. ಅವುಗಳಲ್ಲಿ ಪುಟಾಣಿ ಗುಲಾಬಿ ಗಿಡಗಳು. ಒಂದೂ ಮೊಣಕೈ ಉದ್ದ ದಾಟುವುದಿಲ್ಲ. ಕೋಣೆಯೊಳಗಿನ ಕಿಟಕಿಯಲ್ಲಿ ಒಂದು ಸಾಲು ಒಣಗಲು ಇಟ್ಟ ಪ್ಲಾಸ್ಟರ್ ದವಡೆಗಳು, ಅವುಗಳ ಹಿಂದೆ ಒಂದು ಸಾಲು ಸಸಿಗಳು. ಮೊದಲ ಸಲ ಬಂದವರು ಎರಡನ್ನೂ ನೋಡಿ ಬೆಚ್ಚುತ್ತಿದ್ದರು.

ಈ ಗಿಡಗಳ ಹಿಂದೆ ಇದ್ದದ್ದು ಅವನ ತಾಯಿಯ ಒಂದು ಗುಲಾಬಿ. ಚಿಕ್ಕಂದಿನ ಮನೆಯ ಬಾವಿಕಟ್ಟೆಗೆ ಒರಗಿಕೊಂಡು ಬೆಳೆದಿತ್ತಂತೆ. ಇವನಿಗೆ ಹತ್ತೊಂಬತ್ತಾದಾಗ ರಸ್ತೆ ಅಗಲ ಮಾಡಲು ಬಂದವರು ಮನೆ, ಬಾವಿ, ಗಿಡ ಮೂರನ್ನೂ ಒಂದೇ ಬೆಳಿಗ್ಗೆ ನೆಲಸಮ ಮಾಡಿದರು. ಒಂದು ಕಡ್ಡಿ ಮುರಿದಿಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ಹೂವು ಅಂಗೈಯಷ್ಟು ಅಗಲ, ಬಾಯಿ ಚಪ್ಪಟೆ. ಒಳಗಿನ ಎಸಳುಗಳು ಒತ್ತೊತ್ತಾಗಿ ಮಡಚಿಕೊಂಡು ನಾಲ್ಕು ಪಾಲಾಗಿ ಕೂತಿರುತ್ತಿದ್ದವು, ನಡುವೆ ಒಂದು ಹಸಿರು ಚುಕ್ಕೆ. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದರೂ ವಾಸನೆ ಸಂಜೆಯವರೆಗೆ ಹೋಗುತ್ತಿರಲಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಚೂಪು ಮೊಗ್ಗಿನ ಗುಲಾಬಿಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಇವು ಹೂವಲ್ಲ ಕಣೋ, ಕೆತ್ತಿದ ಪೆನ್ಸಿಲ್ಲು. ಮೂಸಿದರೆ ಪೆನ್ಸಿಲ್ಲಾದ್ರೂ ವಾಸನೆ ಬರುತ್ತೆ."

ಹಳೆಯ ಜಾತಿಯ ದೊಡ್ಡ ಗಿಡವನ್ನೇ ತಂದು ಇಟ್ಟುಕೊಳ್ಳಬಹುದಲ್ಲ ಎಂದು ನಾನು ಕೇಳಿದ್ದೆ. ಅವನು ಬಾಲ್ಕನಿ ತೋರಿಸಿದ. "ದೊಡ್ಡ ಗಿಡ ಇಡೋಕೆ ಬಾವಿಕಟ್ಟೆ ಎಲ್ಲಿದೆ? ಬಾವಿಕಟ್ಟೇನೇ ಡಬ್ಬಿಯೊಳಗೆ ತರಬೇಕು."

ಅದನ್ನು ತರಲು ಹದಿನಾರು ವರ್ಷ ಹಿಡಿಯಿತು. ಹಳೆಯ ಗುಲಾಬಿಗಳು ಈಗ ಉಳಿದಿರುವುದು ಸ್ಮಶಾನದ ಗೋಡೆಯ ಪಕ್ಕ ಎಂದು ಅವನು ಎಲ್ಲೋ ತಿಳಿದುಕೊಂಡಿದ್ದ. ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದ. ಮಾತ್ರೆಯ ಖಾಲಿ ಡಬ್ಬಿಯಲ್ಲಿ ಹೂವಿನ ಹಳದಿ ಪುಡಿ ಉದುರಿಸಿಕೊಂಡು ತರುತ್ತಿದ್ದ. ಇಲ್ಲಿ ಪುಟಾಣಿ ಗಿಡದ ಮೊಗ್ಗು ಅರಳುವ ಮುಂಚೆಯೇ ಅದರ ಎಸಳು ಬಿಡಿಸಿ, ಒಳಗಿನ ಕೇಸರಗಳನ್ನು ಹಲ್ಲು ಕೂರಿಸುವ ಅದೇ ಚಿಮುಟದಿಂದ ಒಂದೂ ಬಿಡದೆ ಕಿತ್ತು, ಮರುದಿನ ಒಸಡಿಗೆ ಬಣ್ಣ ತೀಡುವ ಕುಂಚದಿಂದ ಆ ಪುಡಿ ಸವರುತ್ತಿದ್ದ. ಆಮೇಲೆ ಕಾಗದದ ಟೊಪ್ಪಿ, ಕೊರಳಿಗೆ ದಾರ, ದಾರಕ್ಕೆ ಚೀಟಿ. ನಾಲ್ಕು ತಿಂಗಳಿಗೆ ಕಾಯಿ ಹಣ್ಣಾದರೆ ಒಳಗೆ ಏಳೆಂಟು ಬೀಜ. ಅವು ಒದ್ದೆ ಹತ್ತಿಯಲ್ಲಿ ಎರಡು ತಿಂಗಳು ಫ್ರಿಜ್ಜಿನೊಳಗೆ ಇರಬೇಕು. ಹುಟ್ಟುವುದು ಎರಡೋ ಮೂರೋ. ಹುಟ್ಟಿದ್ದರಲ್ಲಿ ಒಂದಕ್ಕೆ ಆ ಹಳೆಯ ಹೂವಿನ ಮುಖ ಇದ್ದರೆ ವಾಸನೆ ಇಲ್ಲ, ವಾಸನೆ ಇದ್ದದ್ದು ಗಿಡ್ಡವಾಗಿ ನಿಲ್ಲುವುದಿಲ್ಲ. ಎರಡೂ ಇದ್ದ ಒಂದು ಗಿಡ ವರ್ಷಕ್ಕೆ ಒಂದೇ ಸಲ ಹೂ ಬಿಟ್ಟು ಸುಮ್ಮನಾಯಿತು. "ಇದೂ ಒಂಥರಾ ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ" ಎಂದು ಅದನ್ನು ಕಿತ್ತು ಹಾಕಿ, ಅದೇ ಡಬ್ಬಿಗೆ ಹೊಸ ಮಣ್ಣು ತುಂಬಿದ್ದ.

ಹದಿನಾರನೆಯ ವರ್ಷ ನಲವತ್ತೊಂದನೆಯ ನಂಬರಿನ ಸಸಿ ಹೂ ಬಿಟ್ಟಿತು. ಬೆಳಿಗ್ಗೆ ಬಂದು ನನ್ನ ಕೈಯಿಂದ ಪತ್ರಿಕೆ ಕಸಿದುಕೊಂಡು ಎಳೆದೊಯ್ದ. ಕೋಟಿನ ಗುಂಡಿಯಷ್ಟು ಹೂವು, ಮಾಸಲು ಗುಲಾಬಿ ಬಣ್ಣ. ಚಪ್ಪಟೆ ಬಾಯಿ, ನಾಲ್ಕು ಪಾಲು, ನಡುವೆ ಹಸಿರು ಚುಕ್ಕೆ. ಬಗ್ಗಿ ಮೂಸಿದೆ. ಬಾಲ್ಕನಿಯ ಧೂಳು, ಪ್ಲಾಸ್ಟರಿನ ಸುಣ್ಣದ ವಾಸನೆ ಎಲ್ಲವನ್ನೂ ಹಿಂದಕ್ಕೆ ತಳ್ಳಿ ಅದೊಂದೇ ನಿಂತಿತ್ತು. ಹಿಂದಿನ ದಿನ ಅರಳಿದ್ದ ಇನ್ನೊಂದನ್ನು ಪತ್ರಿಕೆಯ ಮೇಲೆ ಬಿಡಿಸಿ ಇಬ್ಬರೂ ಎಸಳು ಎಣಿಸಿದೆವು. ಅವನ ಲೆಕ್ಕಕ್ಕೆ ತೊಂಬತ್ಮೂರು, ನನ್ನದಕ್ಕೆ ತೊಂಬತ್ತೆರಡು. "ಕರಡು ತಿದ್ದೋನಿಗೆ ಒಂದು ಎಸಳು ಬಿಟ್ಟುಹೋಯ್ತಲ್ಲೋ!"

ನಾನು, "ಅದೇನಾ?" ಎಂದೆ.

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ನಲವತ್ತು ವರ್ಷದ ಮೇಲೆ ನಂಗೆ ಇದ್ದದ್ದು ಕಾಣ್ತಿದೆಯೋ, ಬೇಕಾದ್ದು ಕಾಣ್ತಿದೆಯೋ, ಯಾರಿಗೆ ಗೊತ್ತು? ಆ ಹೂವು ನೋಡಿದೋರು ಇನ್ನು ಅಕ್ಕ ಒಬ್ಬಳೇ. ಅವಳು ಹೌದು ಅಂದ್ರೆ ಹೌದು. ಆಮೇಲೆ ಹೆಸರು."

ಹೆಸರು ಅವನು ಎಂದೋ ಇಟ್ಟಾಗಿತ್ತು: ಬಾವಿಕಟ್ಟೆ. ಹೂ ಬೆಳೆಯುವವರ ಸಂಘದ ಪುಸ್ತಕದಲ್ಲಿ ಅದನ್ನು ಬರೆಸುವುದಷ್ಟೇ ಬಾಕಿ. ಅಕ್ಕ ಹನ್ನೆರಡು ಗಂಟೆ ಬಸ್ಸಿನ ದೂರದಲ್ಲಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಹೆದರಿ ಮುಂದೂಡುತ್ತಿದ್ದಳು. ಹೂವು ಅಷ್ಟು ದೂರ ಹೋಗುವಷ್ಟರಲ್ಲಿ ಉದುರುತ್ತದೆ. ಫೋಟೋ ಕಳಿಸು ಎಂದರೆ, "ಫೋಟೋಗೆ ವಾಸನೆ ಇರುತ್ತಾ?" ಅನ್ನುತ್ತಿದ್ದ. ಮೂಗಿಗೂ ಕಣ್ಣಿಗೂ ಒಟ್ಟಿಗೆ ಗುರುತು ಸಿಗಬೇಕು. ಅಲ್ಲಿಯವರೆಗೆ ಹೆಸರಿಲ್ಲ.

ಹೆಸರಾಗುವವರೆಗೆ ಗಿಡ ಮನೆ ಬಿಟ್ಟು ಹೋಗಬಾರದು. ಈ ಪುಟಾಣಿ ಗುಲಾಬಿಗಳ ಸಂಗತಿಯೇ ಹಾಗೆ. ಗೇಣುದ್ದ ಕಡ್ಡಿ ಸಿಕ್ಕರೆ ಸಾಕು, ನಾಲ್ಕು ತುಂಡು ಮಾಡಿ ಮರಳಿಗೆ ಚುಚ್ಚಿ ಗಾಜಿನ ಲೋಟ ಬೋರಲು ಹಾಕಿದರೆ ತಿಂಗಳಲ್ಲಿ ನಾಲ್ಕು ಗಿಡ, ತಾಯಿಗಿಡದ ಪಡಿಯಚ್ಚು. ಹದಿನಾರು ವರ್ಷದ ಕೆಲಸ ಒಂದು ಕಡ್ಡಿಯಲ್ಲಿ ಆಚೆ ಹೋಗಬಹುದು. ಅದಕ್ಕೇ ಅವನು ಯಾರಿಗೂ ಕಡ್ಡಿಯ ಸಮೇತ ಹೂವು ಕೊಡುತ್ತಿರಲಿಲ್ಲ. ಕೊರಳಿಗೆ ಸರಿಯಾಗಿ ಕತ್ತರಿಸಿ, ಪ್ಲಾಸ್ಟರ್ ಕಲಸುವ ರಬ್ಬರ್ ಬಟ್ಟಲಲ್ಲಿ ನೀರು ಹಾಕಿ ತೇಲಿಬಿಟ್ಟು ಕೊಡುತ್ತಿದ್ದ. ಕತ್ತರಿಸಿದ ಕಡ್ಡಿಗಳನ್ನು ಚಿಗುರೊಡೆಯುವ ಕಣ್ಣಿಗೊಂದು ತುಂಡು ಮಾಡಿ ಕುದಿಯುವ ನೀರಿಗೆ ಹಾಕಿ, ಆಮೇಲೆ ಕಸಕ್ಕೆ. "ಹೂವು ಯಾರ್ದಾದ್ರೂ ಆಗ್ಲಿ. ಕಡ್ಡಿ ಮಾತ್ರ ನಂದು."

ಅವನು ಹಲ್ಲು ಮಾಡಿಕೊಡುತ್ತಿದ್ದ ಆ ಡಾಕ್ಟರು ಹೂವಿನ ಸಂಘದ ಅಧ್ಯಕ್ಷರೂ ಆಗಿದ್ದರು. ಮನೆಯ ತಾರಸಿಯಲ್ಲಿ ನೂರಾರು ಕುಂಡ, ನೋಡಿಕೊಳ್ಳಲು ಮಾಲಿ. ಇವನ ಬಟ್ಟಲಿನ ಹೂವನ್ನು ಕಂಡಾಗಲೆಲ್ಲ, "ಹಲ್ಲಣ್ಣಾ, ಒಂದು ಕಡ್ಡಿ ಕೊಡಯ್ಯಾ" ಅನ್ನುತ್ತಿದ್ದರಂತೆ. "ಹೆಸರಿಡದ ಮಗೂನ ದತ್ತು ಕೊಡೋದುಂಟಾ ಸಾರ್?" ಎಂದು ಇವನು ನಗಿಸಿ ಜಾರಿಕೊಳ್ಳುತ್ತಿದ್ದ.

ಕೊನೆಗೂ ಅಕ್ಕ ಆಪರೇಷನ್ನಿಗೆ ಒಪ್ಪಿದಳು. ಇವನು ಎರಡು ವಾರಕ್ಕೆಂದು ಹೊರಟ. ನಲವತ್ತೊಂದರ ಒಂದು ಕಡ್ಡಿಯಿಂದ ಎಬ್ಬಿಸಿದ ಮರಿಗಿಡವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಕಣ್ಣು ಬಂದ ಮೇಲೆ ಅದು ಅವಳ ಮುಂದೆಯೇ ಅರಳಲಿ ಎಂದು. ಆ ಗಿಡ ಅವನ ಮನೆಯ ಹೊರಗೆ ಕಾಲಿಟ್ಟದ್ದು ಅದೊಂದೇ ಸಲ. ಬೀಗದ ಕೈ ನನಗೆ ಕೊಟ್ಟ. ನೀರು ಎಷ್ಟು, ಯಾವಾಗ, ಬಾಡಿದ ಹೂವು ಎಲ್ಲಿ ಕತ್ತರಿಸಬೇಕು, ಕಡ್ಡಿ ಏನು ಮಾಡಬೇಕು, ಎಲ್ಲ ಹೇಳಿದ. ನಾನು, "ಹೋಗಯ್ಯಾ, ನಿನ್ನ ಗಿಡ ನಾನು ತಿಂದುಬಿಡಲ್ಲ" ಎಂದೆ. "ನಿಂಗೆ ಹಲ್ಲು ಇನ್ನೂ ಗಟ್ಟಿ ಇದೆಯಲ್ಲ, ಅದೇ ಭಯ" ಎಂದ.

ಒಂಬತ್ತನೆಯ ದಿನ ಮಧ್ಯಾಹ್ನ ಡಾಕ್ಟರು ಬಂದರು. ಮಾಡಿಟ್ಟಿದ್ದ ಒಂದು ಸೆಟ್ಟು ತುರ್ತಾಗಿ ಬೇಕಾಗಿತ್ತಂತೆ. ಬೀಗ ತೆಗೆದು ಕೊಟ್ಟೆ. ಅಷ್ಟಕ್ಕೇ ಬಾಗಿಲು ಹಾಕಬಹುದಿತ್ತು. ನಲವತ್ತೊಂದರಲ್ಲಿ ಆ ದಿನ ಏಳು ಹೂವು ಒಟ್ಟಿಗೆ ಅರಳಿದ್ದವು. ಗೆಳೆಯನ ಕೈಗುಣವನ್ನು ಇನ್ನೊಬ್ಬರಿಗೆ ತೋರಿಸುವ ಹೆಮ್ಮೆಯಲ್ಲಿ ನಾನೇ, "ಇಲ್ಲಿ ಬನ್ನಿ ಡಾಕ್ಟ್ರೇ" ಎಂದು ಬಾಲ್ಕನಿಗೆ ಕರೆದೆ. ಅವರು ಬಹಳ ಹೊತ್ತು ನಿಂತರು. ಆಮೇಲೆ, "ನಮ್ಮ ತಾಯಿ ಹಾಸಿಗೆ ಹಿಡಿದಿದ್ದಾರೆ. ಚಿಕ್ಕಂದಿನಲ್ಲಿ ಇಂಥದ್ದೇ ಹೂವು ಮುಡೀತಿದ್ರಂತೆ. ಒಂದು ಸಿಕ್ಕಿದ್ರೆ..." ಎಂದರು.

ಕತ್ತರಿ ಕೈಗೆತ್ತಿಕೊಂಡೆ. ನಿಯಮ ನೆನಪಿತ್ತು, ಮರೆತಿದ್ದೆ ಎಂದು ಹೇಳಲಾರೆ. ಆದರೆ ಕಡ್ಡಿಯಿಲ್ಲದ ಹೂವು ನನಗೆ ಯಾವಾಗಲೂ ತಲೆ ಕಡಿದಿಟ್ಟ ಹಾಗೆ ಕಾಣುತ್ತಿತ್ತು. ಕಾಯಿಲೆಯ ಮುದುಕಿ ಕೈಯಲ್ಲಿ ಹಿಡಿಯುವುದು ಹೇಗೆ? ಗೇಣುದ್ದ ಕತ್ತರಿಸಿ ಕೊಟ್ಟೆ. ಡಾಕ್ಟರು ಕರವಸ್ತ್ರ ನೆನೆಸಿ ಅದರ ಬುಡಕ್ಕೆ ಸುತ್ತಿಕೊಂಡು ಇಳಿದು ಹೋದರು. ಮುದುಕಿ ಇದ್ದದ್ದು ನಿಜ, ಕಾಯಿಲೆಯೂ ನಿಜ. ಹೂವು ಅವರ ಕೈ ಸೇರಿತೋ ಇಲ್ಲವೋ ಗೊತ್ತಿಲ್ಲ.

ನನ್ನ ಹೆಂಡತಿ ನಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಅಷ್ಟುದ್ದ ಯಾಕೆ ಕತ್ತರಿಸಿದ್ರಿ?"

"ಒಂದು ಹೂವಿಗೆ ಇಷ್ಟು ಪುರಾಣವಾ?" ಎಂದೆ.

ಹಲ್ಲಣ್ಣ ಬಂದ ದಿನ ಚೀಲ ಕೆಳಗಿಡುವ ಮುಂಚೆಯೇ ಬಾಲ್ಕನಿಗೆ ಹೋದ. "ಇದ್ಯಾಕೋ ಇಷ್ಟು ಕೆಳಗೆ ಕತ್ತರಿಸಿದ್ದೀ?"

"ಒಣಗಿತ್ತು."

"ತುಂಡು ಮಾಡಿ ಬಿಸಿನೀರಿಗೆ ಹಾಕಿದ್ಯಾ?"

"ಹ್ಞೂಂ."

ಅವನು ತಲೆಯಾಡಿಸಿ, "ನೀನು ಇದ್ದದ್ದಕ್ಕೆ ನಿಶ್ಚಿಂತೆಯಾಗಿದ್ದೆ ನೋಡು" ಎಂದ. ನಾನು ಅವನಿಗೆ ಹೇಳಿದ ಮೊದಲ ಸುಳ್ಳು ಅದು. ಆಗ ಅದು ಬರೀ ನಾಚಿಕೆ ಮುಚ್ಚಿಕೊಳ್ಳುವ ಸುಳ್ಳಾಗಿತ್ತು.

ಅಕ್ಕನ ಕಣ್ಣು ಬಂತು. ಹೂವು ಮಾತ್ರ ಬರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಅವನು ಫೋನು ಮಾಡುತ್ತಿದ್ದ. "ಅಕ್ಕಾ, ಗಿಡ ಹೇಗಿದೆ? ಬಿಸಿಲು ಸಾಕಾಗ್ತಿದೆಯಾ? ಚಿಗುರು ಕೆಂಪಗಿದೆಯಾ?" ಆ ಕಡೆಯಿಂದ, ಗಿಡ ಚೆನ್ನಾಗಿದೆ, ಹೂವು ಇನ್ನೂ ಇಲ್ಲ ತಮ್ಮಾ, ಎಂಬ ಉತ್ತರ. ಅವನು ಡಬ್ಬಿ ಆ ಕಿಟಕಿಯಿಂದ ಈ ಕಿಟಕಿಗೆ ಬದಲಿಸುವುದು, ಗೊಬ್ಬರ ಎಷ್ಟು ಚಮಚ ಹಾಕುವುದು ಎಲ್ಲ ಹೇಳುತ್ತಿದ್ದ. ಅಕ್ಕನಿಗೆ ಮಂಡಿನೋವು, ಅಷ್ಟು ದೂರ ಬರುವ ಹಾಗಿರಲಿಲ್ಲ. ಎರಡು ವರ್ಷ ಹೀಗೇ ಹೇಳಿದ.

ಆ ಎರಡನೆಯ ವರ್ಷದ ಹೂವಿನ ಪ್ರದರ್ಶನಕ್ಕೆ ಇಬ್ಬರೂ ಹೋದೆವು. ಸಭಾಂಗಣದ ನಡುವಿನ ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆ, ಹನ್ನೆರಡು ಕುಂಡ. ಹನ್ನೆರಡರಲ್ಲೂ ನಲವತ್ತೊಂದು. ಮುಂದಿನ ಚೀಟಿಯಲ್ಲಿ ಹೆಸರು: ಮೊದಲ ನಗು. ಕೆಳಗೆ, ಸೃಷ್ಟಿಸಿದವರು ಎಂದು ಡಾಕ್ಟರ ಹೆಸರು. ಪಕ್ಕದಲ್ಲಿ ಮೊದಲ ಬಹುಮಾನದ ಪಟ್ಟಿ.

ಹಲ್ಲಣ್ಣ ಕೆಲಸದ ಕನ್ನಡಕ ಹಾಕಿಕೊಂಡು ಒಂದು ಹೂವನ್ನು ಬೆರಳಿನಿಂದ ಮೇಲೆತ್ತಿ ನೋಡಿದ. ಹೂವಿನ ಅಡಿಯ ಐದು ಹಸಿರು ಎಸಳುಗಳಲ್ಲಿ ಒಂದು ಮಾತ್ರ ಪುಟ್ಟ ಎಲೆಯಂತೆ ಬಾಗಿರುವುದು ನಲವತ್ತೊಂದರ ಗುರುತು. ಇನ್ನೊಂದನ್ನು ನೋಡಿದ. ಮತ್ತೊಂದನ್ನು. ಅಷ್ಟರಲ್ಲಿ ಡಾಕ್ಟರು ಬಂದು ಹೆಗಲ ಮೇಲೆ ಕೈಯಿಟ್ಟರು. "ಹೇಗಿದೆ ಹಲ್ಲಣ್ಣಾ?"

"ಇದು ನನ್ನ ಹೂವು ಸಾರ್."

ಸುತ್ತ ಇದ್ದ ನಾಲ್ಕು ಜನ ತಿರುಗಿ ನೋಡಿದರು. ಡಾಕ್ಟರು ನಕ್ಕರು. "ಬೀಜ ಹಾಕ್ದೆ, ಹುಟ್ತು. ನಿನ್ನ ಗಿಡ ನನ್ನ ತಾರಸಿಗೆ ರೆಕ್ಕೆ ಕಟ್ಕೊಂಡು ಬಂತಾ? ಕೊಟ್ಟೋರು ಯಾರು, ಹೇಳು."

ಹಾಗೆನ್ನುತ್ತ ಅವರು ಅವನ ಹೆಗಲ ಮೇಲಿಂದ ನನ್ನನ್ನು ನೋಡಿದರು. ಹೆದರಿದ ನೋಟವಲ್ಲ ಅದು. ನಾನು ಎಂಥವನು ಎಂದು ತೂಗಿ ನೋಡಿ ತಿಳಿದುಕೊಂಡ ನೋಟ. ನಾನು ಬಗ್ಗಿ ಚೀಟಿ ಓದತೊಡಗಿದೆ.

ಹೊರಗೆ ಬಸ್ಸು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವನು ಬಹಳ ಹೊತ್ತು ಕೂತಿದ್ದ. ಮೂರು ಬಸ್ಸು ಹೋದವು.

"ಕರಡಿ, ನಾನು ಊರಲ್ಲಿ ಇಲ್ಲದಾಗ ಯಾರಾದ್ರೂ ಬಂದಿದ್ರಾ?"

"ಇಲ್ಲ."

"ಸೆಟ್ಟು ತಗೊಂಡು ಹೋಗೋಕೆ?"

"ಅದಕ್ಕೆ ಕ್ಲಿನಿಕ್ಕಿನೋರು ಬಂದಿದ್ರು. ಬಾಗಿಲಲ್ಲೇ ಕೊಟ್ಟು ಕಳಿಸಿದೆ."

ಅವನು ಹೌದೆಂದು ತಲೆಯಾಡಿಸಿದ. ನನ್ನನ್ನು ಎರಡನೆಯ ಸಲ ಕೇಳಲಿಲ್ಲ. ಎಂದೂ ಕೇಳಲಿಲ್ಲ.

ಸಂಘಕ್ಕೆ ಅರ್ಜಿ ಬರೆದವನು ನಾನೇ. ಹದಿನಾರು ವರ್ಷದ ಚೀಟಿಗಳು, ದಿನಾಂಕಗಳು, ಯಾವ ಗಿಡಕ್ಕೆ ಯಾವುದರ ಪುಡಿ, ಎಲ್ಲ ಅವನ ನೋಟುಪುಸ್ತಕದಿಂದ ಇಳಿಸಿದೆ. ಎರಡು ಸಲ ತಿದ್ದಿ, ಮೂರನೆಯ ಸಲ ಶುದ್ಧಪ್ರತಿ ಮಾಡಿದೆ. ಒಂದು ಅಕ್ಷರದ ತಪ್ಪೂ ಇರಲಿಲ್ಲ. ಒಂದು ವಾಕ್ಯ ಮಾತ್ರ ಇರಲಿಲ್ಲ.

ಸಂಘದ ಕಾರ್ಯದರ್ಶಿ ಓದಿ, ಹಾಳೆಗಳನ್ನು ತಟ್ಟಿ ಸರಿಮಾಡಿ, "ಎಲ್ಲಾ ಸರಿ ಹಲ್ಲಣ್ಣಾ. ಆದ್ರೆ ಗಿಡ ನಿಮ್ಮ ಮನೆಯಿಂದ ಅವರ ಮನೆಗೆ ಹೋಯ್ತು ಅನ್ನೋದಕ್ಕೆ ಒಬ್ಬ ಸಾಕ್ಷಿ ಬೇಕು. ಒಬ್ಬರು ಸಾಕು. ಒಂದು ತಿಂಗಳು ಟೈಮ್ ತಗೊಳ್ಳಿ. ಸಾಕ್ಷಿ ಇಲ್ದಿದ್ರೆ ಸುಮ್ನೆ ಕಡ್ಡೀನ ಗುಡ್ಡ ಮಾಡಬೇಡಿ" ಎಂದರು. ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಆ ಒಬ್ಬ ನಾನೇ. ಬಾಯಿ ತೆರೆದಿದ್ದರೆ ಮೇಜಿನ ಮೇಲಿನ ಪುಸ್ತಕದಲ್ಲಿ ಅವತ್ತೇ ಬಾವಿಕಟ್ಟೆ ಎಂದು ಬರೆಯಬಹುದಿತ್ತು. ಆದರೆ ಅಷ್ಟರಲ್ಲಿ ನನ್ನ ಸುಳ್ಳಿಗೆ ಎರಡು ವರ್ಷ ತುಂಬಿ, ಬಸ್ಸು ನಿಲ್ದಾಣದಲ್ಲಿ ಅದಕ್ಕೊಬ್ಬ ತಮ್ಮ ಹುಟ್ಟಿದ್ದ. ಸತ್ಯ ಹೇಳಿದರೆ ಹೂವಿನ ಕಳ್ಳ ಡಾಕ್ಟರಾಗುತ್ತಿದ್ದರು, ನಿಜ. ಇಪ್ಪತ್ತಾರು ವರ್ಷದ ಬಾಗಿಲು ಮುಚ್ಚುತ್ತಿದ್ದದ್ದು ನನ್ನ ಮುಖಕ್ಕೆ. ನಾಳೆ ಹೇಳೋಣ ಅಂದುಕೊಂಡೆ.

ಮರುದಿನ ಭಾನುವಾರ. ಪತ್ರಿಕೆ ಹಿಡಿದುಕೊಂಡು ನಾನು ಅವನ ಕೋಣೆಯಲ್ಲೇ ಇದ್ದೆ. ಅವನು ಫೋನು ಮಾಡಿದ. ಗಿಡ ಹೇಗಿದೆ ಎಂದು ಕೇಳಲಿಲ್ಲ.

"ಅಕ್ಕಾ, ಆ ಗಿಡದ ಕಡ್ಡಿ ಯಾರಿಗಾದ್ರೂ ಕೊಟ್ಟೆಯಾ?"

ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಅವನ ಮುಖ ಮಾತ್ರ ಕಾಣುತ್ತಿತ್ತು.

"ಯಾಕೆ ತಡವರಿಸ್ತೀ? ಹೌದು ಅನ್ನು, ಇಲ್ಲ ಅನ್ನು... ಅಕ್ಕಾ, ಅಳಬೇಡ. ಕೊಟ್ಟಿದ್ರೆ ಕೊಟ್ಟೆ ಅನ್ನು."

ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡಿದ್ದು ಫೋನು ಕೆಳಗಿಟ್ಟ. "ನನ್ನ ಮನೆ ಬಿಟ್ರೆ ಆ ಗಿಡ ಇದ್ದದ್ದು ಅವಳೊಬ್ಬಳ ಹತ್ರ" ಎಂದ. ಮೇಣ ಕೆರೆಯುವ ಚಾಕು ಎತ್ತಿಕೊಂಡು ಕೆಲಸಕ್ಕೆ ಕೂತ. ಒಡಹುಟ್ಟಿದವಳ ಮೇಲಿದ್ದು ಕಳೆದುಹೋದ ಆ ನಂಬಿಕೆಯನ್ನು ಒಂದೇ ಮಾತಿನಲ್ಲಿ ವಾಪಸು ತಂದುಕೊಡಬಹುದಾಗಿದ್ದವನು ಮೂರಡಿ ದೂರದಲ್ಲಿ ಪತ್ರಿಕೆ ಓದುತ್ತಿದ್ದ.

ಆಮೇಲೆ ಭಾನುವಾರದ ಫೋನು ನಿಂತಿತು. ಅಕ್ಕನೇ ಮಾಡಿದರೂ ಎತ್ತುತ್ತಿರಲಿಲ್ಲ. ಡಾಕ್ಟರ ಕೆಲಸ ಬಿಟ್ಟ. ಸಣ್ಣಪುಟ್ಟ ಕ್ಲಿನಿಕ್ಕುಗಳಿಗೆ ಮಾಡಿಕೊಡತೊಡಗಿದ. ಬಾಲ್ಕನಿಯ ಗಿಡಗಳಿಗೆ ನೀರು ಹಾಕುತ್ತಿದ್ದ, ಅಷ್ಟೇ. ಕುಂಚ ಒಣಗಿತು. ಫ್ರಿಜ್ಜಿನ ಹತ್ತಿಯಲ್ಲಿದ್ದ ಬೀಜಗಳು ಅಲ್ಲೇ ಉಳಿದವು. ನನ್ನ ಜೊತೆ ಮಾತ್ರ ಮೊದಲಿನ ಹಾಗೆಯೇ ಇದ್ದ. ಅದನ್ನು ತಡೆದುಕೊಳ್ಳುವುದು ಕಷ್ಟವಾಗುತ್ತಿತ್ತು. "ಡಾಕ್ಟ್ರು ಹೊರಗಿನೋರು ಬಿಡು. ಅಕ್ಕ ಹೀಗೆ ಮಾಡಿದ್ಮೇಲೆ ಇನ್ನು ಯಾರನ್ನ ನಂಬೋದು? ನೀನೊಬ್ಬ ಇದ್ದೀಯ" ಎಂದು ಒಂದು ದಿನ ಹೇಳಿದ.

ಆ ದಿನ ಮನೆಗೆ ಬಂದಾಗ ನನ್ನ ಹೆಂಡತಿ ಹಲ್ಲಿನ ಸೆಟ್ಟನ್ನು ನೀರಿನ ಲೋಟದಲ್ಲಿ ಹಾಕಿಟ್ಟಿದ್ದಳು. "ಅವರು ಮಾಡಿಕೊಟ್ಟ ಹಲ್ಲು ಹಾಕ್ಕೊಂಡು ಅವರ ಮುಂದೆ ನಗೋಕೆ ನನ್ನಿಂದ ಆಗಲ್ಲ. ಇವತ್ತು ಹೇಳ್ತೀರೋ ಇಲ್ವೋ?"

"ನೀನೇ ಹೇಳು ಹಾಗಾದ್ರೆ."

"ನಿಮ್ಮ ಬಾಯಿಂದ ಬರಬೇಕಾದ್ದು ನನ್ನ ಬೊಚ್ಚುಬಾಯಿಂದ ಬಂದ್ರೆ ಅವರಿಗೆ ನಾವಿಬ್ಬರೂ ಇಲ್ಲದ ಹಾಗಾಗುತ್ತೆ. ಹೋಗಿ."

ನಾಳೆ ಎಂದೆ. ಆ ನಾಳೆಗಳು ಏಳು ತಿಂಗಳು ಬಂದವು.

ಎಂದಿನಂತೆ ಪತ್ರಿಕೆ ಹಿಡಿದು ಒಂದು ಬೆಳಿಗ್ಗೆ ಅವನ ಮನೆಗೆ ಹೋದೆ. ಮೇಜಿನ ಮೇಲೆ ತೋಳಿಟ್ಟು ತೋಳಿನ ಮೇಲೆ ತಲೆಯಿಟ್ಟಿದ್ದ. ಸ್ಪಿರಿಟ್ ದೀಪ ಇನ್ನೂ ಉರಿಯುತ್ತಿತ್ತು. ಮುಂದಿನ ಮೇಣದ ದವಡೆಯಲ್ಲಿ ಒಂದೇ ಒಂದು ಹಲ್ಲು ಕೂರಿಸುವುದು ಬಾಕಿ ಇತ್ತು. ದೀಪ ಆರಿಸಿದೆ. ಕರೆದೆ. ಹೃದಯ ನಿಂತು ಒಂದು ಗಂಟೆಯಾದರೂ ಆಗಿರಬೇಕು ಎಂದು ಬಂದ ಡಾಕ್ಟರೊಬ್ಬರು ಹೇಳಿದರು.

ಅಕ್ಕ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಪ್ಪತ್ತು ದಾಟಿದ, ಸಣ್ಣ ಕಟ್ಟಿನ ಹೆಂಗಸು. ಮಂಡಿನೋವಿನಿಂದ ನಮ್ಮ ಮೆಟ್ಟಿಲು ಹತ್ತಲು ಅರ್ಧ ಗಂಟೆ ತೆಗೆದುಕೊಂಡರು. ಕೋಣೆಯೊಳಗೆ ಯಾರನ್ನೂ ಮಾತಾಡಿಸದೆ ನೇರ ಬಾಲ್ಕನಿಗೆ ಹೋದರು. ನಲವತ್ತೊಂದು ಅರಳಿತ್ತು. ಕಣ್ಣು ಹತ್ತಿರ ತಂದು ನೋಡಿದರು. ಕಣ್ಣು ಮುಚ್ಚಿ ಮೂಸಿದರು. ಗೋಡೆಗೆ ಕೈಯೂರಿ ನಿಂತರು.

"ಅದೇ" ಎಂದರು. "ಬಾವಿಕಟ್ಟೆಯದೇ. ಅವ್ವ ನೀರು ಸೇದುವಾಗ ಹೀಗೇ ಬರೋದು."

ಅವನು ಬದುಕಿದ್ದಾಗ ಕೇಳಬೇಕೆಂದು ಕಾದ ಮಾತು ಇದೊಂದೇ. ಖಾಲಿ ಕೋಣೆ ಕೇಳಿಸಿಕೊಂಡಿತು.

ಆಮೇಲೆ ಅವರೇ ಹೇಳಿದರು. ಅವನು ತಂದುಕೊಟ್ಟ ಗಿಡ ಮೊದಲ ಬೇಸಿಗೆಯಲ್ಲೇ ಸತ್ತುಹೋಗಿತ್ತು, ಒಂದು ಮೊಗ್ಗೂ ಬಿಡದೆ. "ಹೇಳೋಕೆ ಬಾಯಿ ಬರ್ಲಿಲ್ಲಪ್ಪಾ. ಮಗು ಹೊತ್ತುಕೊಂಡು ಬಂದ ಹಾಗೆ ತಂದಿದ್ದ. ಚೆನ್ನಾಗಿದೆ, ಚೆನ್ನಾಗಿದೆ ಅಂತಲೇ ಅಂದೆ. ಕಡ್ಡಿ ಕೊಟ್ಟೆಯಾ ಅಂತ ಕೇಳಿದಾಗ ಸತ್ತ ಗಿಡದ್ದು ಏನಂತ ಹೇಳ್ಲಿ?" ಮೇಜಿನ ಮೇಲಿದ್ದ ನೋಟುಪುಸ್ತಕ ತೆರೆದು ನನ್ನ ಮುಂದೆ ಹಿಡಿದರು. ನಲವತ್ತೊಂದರ ಪುಟ. ಕೊನೆಯ ಸಾಲಿನಲ್ಲಿ ಅವನ ಸಣ್ಣ ಅಕ್ಷರದಲ್ಲಿ ಒಂದೇ ಪದ, ಅಕ್ಕ. ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ.

"ಇದನ್ನ ಇಟ್ಕೊಂಡೇ ಹೋದ" ಎಂದರು.

ಮೂವತ್ನಾಲ್ಕು ವರ್ಷ ಬೇರೆಯವರ ತಪ್ಪು ತಿದ್ದಿ ಬದುಕಿದವನು ನಾನು. ಆ ಚಿಹ್ನೆಯನ್ನು ಏಳು ತಿಂಗಳು ಅಲ್ಲಿಯೇ ಬಿಟ್ಟಿದ್ದೆ. ನಿಂತ ಕಾಲ ಮೇಲೆ ಎಲ್ಲ ಹೇಳಿದೆ. ಡಾಕ್ಟರು ಬಂದದ್ದು, ಗೇಣುದ್ದ ಕಡ್ಡಿ, ಒಣಗಿತ್ತು ಎಂದದ್ದು, ಬಸ್ಸು ನಿಲ್ದಾಣ, ಸಂಘ, ಆ ಭಾನುವಾರ ಅವನು ಫೋನು ಮಾಡುತ್ತಿದ್ದಾಗ ನಾನು ಇಲ್ಲೇ ಕೂತಿದ್ದೆ ಎನ್ನುವುದೂ.

ಅವರು ಕೂಗಾಡಲಿಲ್ಲ. ನೋಟುಪುಸ್ತಕ ಮುಚ್ಚಿ, "ಇಲ್ಲೇ ಕೂತಿದ್ರಾ?" ಎಂದು ಮಾತ್ರ ಕೇಳಿದರು.

"ಹೌದು."

"ಬರವಣಿಗೆ ಬಲ್ಲೋರು ನೀವು. ಹೋಗಿ ಬರೀರಿ ಅದನ್ನ."

ಅವತ್ತೇ ಬರೆದೆ. ಒಂದೇ ಹಾಳೆ. ಮರುದಿನ ಕಾರ್ಯದರ್ಶಿಗೆ ಕೈಯಾರೆ ಕೊಟ್ಟೆ. ಓದಿ, ಮುಖ ಒಂದು ಥರ ಮಾಡಿಕೊಂಡು ಹಾಳೆಯನ್ನು ನನ್ನ ಕಡೆಗೇ ಸರಿಸಿದರು. "ಅರ್ಜಿದಾರರೇ ಇಲ್ಲವಲ್ಲ ಸಾರ್ ಈಗ. ಫೈಲು ಮುಚ್ಚಿ ಆರು ತಿಂಗಳಾಯ್ತು. ನಾನು ಸಾಕ್ಷಿ ಕೇಳಿದ ದಿನ ನೀವು ಅವರ ಪಕ್ಕದಲ್ಲೇ ಕೂತಿದ್ರಿ ಅಲ್ವಾ?"

ವಾಪಸು ಬಂದಾಗ ಅಕ್ಕ ಡಬ್ಬಿಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ಇಡಿಸಿದ್ದರು. ಕೆಳಗೆ ಗಾಡಿ ಕಾಯುತ್ತಿತ್ತು. ಬಾಲ್ಕನಿಯ ಹಲಗೆಗಳ ಮೇಲೆ ಡಬ್ಬಿಗಳ ತಳದ ದುಂಡನೆಯ ಗುರುತು ಮಾತ್ರ ಉಳಿದಿತ್ತು. ಕಾರ್ಯದರ್ಶಿ ಹೇಳಿದ್ದನ್ನು ಹೇಳಿದೆ. ಕೇಳಿಸಿಕೊಂಡರು. ಅವುಗಳಲ್ಲಿ ಒಂದು ಗಿಡವನ್ನೂ ನಾನು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. ಆದರೂ ಅವರು ನನ್ನ ಕಣ್ಣು ಎಲ್ಲಿದೆ ಎಂದು ನೋಡಿರಬೇಕು.

ಮೇಲಿನ ಪೆಟ್ಟಿಗೆಯಿಂದ ನಲವತ್ತೊಂದನ್ನು ಹೊರತೆಗೆದರು. ಅವನ ಕತ್ತರಿ ಎತ್ತಿಕೊಂಡು, ಅರಳಿದ ಒಂದು ಹೂವನ್ನು ಕಡ್ಡಿಯ ಸಮೇತ ಕತ್ತರಿಸಿದರು. ಆಮೇಲೆ ಹೂವನ್ನು ಕೊರಳಿಗೆ ಸರಿಯಾಗಿ ಬೇರೆ ಮಾಡಿದರು. ಉಳಿದ ಕಡ್ಡಿಯನ್ನು ಕಣ್ಣಿಗೊಂದು ತುಂಡು ಮಾಡಿ, ತುಂಡುಗಳನ್ನು ಒಂದೂ ಬಿಡದೆ ಎಣಿಸಿ ಸೆರಗಿನಲ್ಲಿ ಕಟ್ಟಿಕೊಂಡರು. ಕಿಟಕಿಯಲ್ಲಿದ್ದ ರಬ್ಬರ್ ಬಟ್ಟಲಿಗೆ ನೀರು ಹಾಕಿ ಹೂವನ್ನು ತೇಲಿಬಿಟ್ಟು, ನನ್ನ ಕೈಗೆ ಕೊಟ್ಟರು.

"ಅವನಾಗಿದ್ರೂ ನಿಮಗೆ ಇಷ್ಟು ಕೊಡ್ತಿದ್ದ" ಎಂದು, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು.